ಪ್ರಶ್ನೋತ್ತರ: ಹಳೆಯ ಸಿಗ್ನಲ್ ಜನರೇಟರ್, ಸ್ಕೋಪ್, ವಾಟ್‌ಮೀಟರ್ ರಿಪೇರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಳೆಯ ರೇಡಿಯೊ ಟೆಸ್ಟ್ ಉಪಕರಣಗಳ ಬಗ್ಗೆಯೇ ಇವೆ, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಷ್ಟೋ ವರ್ಷ ಸರಿಯಾಗಿ ಅಳೆದ ಉಪಕರಣ ಈಗ ಇದ್ದಕ್ಕಿದ್ದಂತೆ ಏನೇನೋ ತೋರಿಸುತ್ತಿದ್ದರೆ, ಒಳಗೆ ಯಾವುದೋ ಪಾರ್ಟ್ ಕೆಟ್ಟಿರುತ್ತದೆ. ಪ್ರೀಸೆಟ್‌ಗಳು, ಅಂದರೆ ಅಳತೆ ಹೊಂದಿಸಲು ಒಳಗಿರುವ ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ರೆಸಿಸ್ಟರ್‌ಗಳು, ತಾವಾಗಿ ತಿರುಗುವುದಿಲ್ಲ ಅಲ್ವಾ? ಕೆಟ್ಟದ್ದನ್ನು ಹುಡುಕದೆ ಪ್ರೀಸೆಟ್ ತಿರುಗಿಸಿದರೆ ಒಂದು ತೊಂದರೆ ಎರಡಾಗುತ್ತದೆ.

ಪ್ರಶ್ನೆ: ಸರ್, ತುಂಬಾ ವರ್ಷ ಮೂಲೆಯಲ್ಲಿ ಬಿದ್ದಿದ್ದ ವಾಲ್ವ್ ಸಿಗ್ನಲ್ ಜನರೇಟರ್ ಒಂದು ನನ್ನ ಕೈಗೆ ಬಂದಿದೆ. ನೋಡಲು ಹೊಸದರ ಹಾಗೇ ಇದೆ. ನೇರವಾಗಿ ಪ್ಲಗ್ ಹಾಕಬಹುದಾ? ವೇರಿಯಾಕ್‌ನಲ್ಲಿ (ಮೇನ್ಸ್ ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಟ್ರಾನ್ಸ್‌ಫಾರ್ಮರ್) ನಿಧಾನವಾಗಿ ವೋಲ್ಟೇಜ್ ಏರಿಸಿದರೆ ಸಾಕು ಅಂತ ಗೆಳೆಯರು ಹೇಳುತ್ತಾರೆ.

ಉತ್ತರ: ಪ್ಲಗ್ ಹಾಕಬೇಡಿ, ಮೊದಲು ಮುಚ್ಚಳ ಬಿಚ್ಚಿ. ಹಿಂದುಗಡೆ ವೋಲ್ಟೇಜ್ ಸೆಲೆಕ್ಟರ್ ಇದ್ದರೆ ಅದು 115ರಲ್ಲಿದೆಯೋ 230ರಲ್ಲಿದೆಯೋ ನೋಡಿ. ಫ್ಯೂಸ್ ಹೋಲ್ಡರ್ ಬಿಚ್ಚಿ ಒಳಗೆ ಸರಿಯಾದ ರೇಟಿಂಗಿನ ಫ್ಯೂಸೇ ಇದೆಯಾ ಅಂತ ನೋಡಿ, ಹಿಂದೆ ಯಾರಾದರೂ ತಂತಿ ಸುತ್ತಿ ಬಿಟ್ಟಿರಬಹುದು. ಮೇನ್ಸ್ ವೈರಿನ ರಬ್ಬರ್ ಬೆರಳಲ್ಲಿ ಬಗ್ಗಿಸಿದರೆ ಪುಡಿಯಾಗುತ್ತಿದ್ದರೆ ಅದನ್ನು ಬದಲಿಸದೆ ಮುಂದಿನ ಹೆಜ್ಜೆಯೇ ಬೇಡ.

ಆ ಕಾಲದ ಎಷ್ಟೋ ಸೆಟ್‌ಗಳಿಗೆ ಎರಡೇ ತಂತಿಯ ವೈರ್ ಇರುತ್ತಿತ್ತು, ಅರ್ಥ್ ಇಲ್ಲ. ಮೇನ್ಸ್‌ನಿಂದ ಚಾಸಿಗೆ, ಅಂದರೆ ಸೆಟ್ಟಿನ ಲೋಹದ ಚೌಕಟ್ಟಿಗೆ, ಒಂದು ಪೇಪರ್ ಕೆಪಾಸಿಟರ್ ಹಾಕಿರುತ್ತಿದ್ದರು. ಅದು ಲೀಕ್ ಆದರೆ ಇಡೀ ಚಾಸಿಗೆ ಕರೆಂಟ್ ಬರುತ್ತದೆ, ಮುಟ್ಟಿದವರ ಪ್ರಾಣಕ್ಕೇ ಅಪಾಯ. ಅದನ್ನು ಕಿತ್ತುಹಾಕಿ, ಬೇಕೇ ಬೇಕು ಅಂದರೆ ಅದರ ಜಾಗದಲ್ಲಿ ವೈ ಕ್ಲಾಸ್ ಸೇಫ್ಟಿ ಕೆಪಾಸಿಟರ್ ಮಾತ್ರ ಹಾಕಿ. ಮೂರು ತಂತಿಯ ವೈರ್ ಎಳೆದು ಚಾಸಿಗೆ ಗಟ್ಟಿಯಾಗಿ ಅರ್ಥ್ ಕೊಡಿ. ಫ್ಯೂಸು, ಸ್ವಿಚ್ಚು ಎರಡೂ ಲೈವ್ ಕಡೆಯಲ್ಲೇ ಇರಲಿ.

ಇನ್ನು ಮೇಣದ ಹೊದಿಕೆಯ ಪೇಪರ್ ಕೆಪಾಸಿಟರ್‌ಗಳು. ಇವನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಕೂರುವುದು ದಂಡ, ಬಹುತೇಕ ಎಲ್ಲವೂ ಲೀಕ್ ಆಗಿರುತ್ತವೆ, ಅಷ್ಟೇ ಕೆಪಾಸಿಟೆನ್ಸಿನ ಫಿಲ್ಮ್ ಕೆಪಾಸಿಟರ್ ಹಾಕಿಬಿಡಿ. ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳು ವಯಸ್ಸಾದಂತೆ ಮೌಲ್ಯ ಏರಿಸಿಕೊಳ್ಳುತ್ತವೆ, 100 ಕಿಲೋ ಓಮ್ ಅಂತ ಬಣ್ಣ ಹೇಳಿದರೂ ಮೀಟರ್ 150 ತೋರಿಸಬಹುದು. ಆದರೆ ಮೈಕಾ ಕೆಪಾಸಿಟರ್‌ಗಳನ್ನು, ಅದರಲ್ಲೂ ಆಸಿಲೇಟರ್ ಕಾಯಿಲ್ ಸುತ್ತಮುತ್ತ ಇರುವುದನ್ನು, ಕೆಟ್ಟಿದೆ ಅಂತ ಖಚಿತವಾಗುವವರೆಗೆ ಮುಟ್ಟಬೇಡಿ. ಅಲ್ಲಿ ತಂತಿಯ ಉದ್ದ ಸ್ವಲ್ಪ ಬದಲಾದರೂ ಡಯಲ್ಲಿನ ಅಂಕೆಗೂ ನಿಜವಾದ ಫ್ರೀಕ್ವೆನ್ಸಿಗೂ ತಾಳೆಯಾಗುವುದಿಲ್ಲ.

ನಿಮ್ಮ ಗೆಳೆಯರು ಹೇಳಿದ ವೇರಿಯಾಕ್ ವಿಷಯ ಅರ್ಧ ಸರಿ. ಸೆಟ್ಟಿನಲ್ಲಿ ರೆಕ್ಟಿಫೈಯರ್ ವಾಲ್ವ್ ಇದ್ದರೆ ಕಡಿಮೆ ವೋಲ್ಟೇಜಿನಲ್ಲಿ ಅದರ ಹೀಟರ್ ಕಾಯುವುದೇ ಇಲ್ಲ, ಹಾಗಾಗಿ ಫಿಲ್ಟರ್ ಕೆಪಾಸಿಟರ್‌ಗೆ ಏನೂ ತಲುಪುವುದಿಲ್ಲ, ಆಮೇಲೆ ಹೀಟರ್ ಕಾದ ತಕ್ಷಣ ದೊಡ್ಡ ವೋಲ್ಟೇಜ್ ಒಂದೇ ಸಲ ಬಂದು ಬಡಿಯುತ್ತದೆ. ಎಲೆಕ್ಟ್ರೋಲೈಟಿಕ್ ಉಳಿಸಿಕೊಳ್ಳಲೇಬೇಕು ಅಂದರೆ ಅದನ್ನು ಸರ್ಕೀಟಿನಿಂದ ಬಿಡಿಸಿ, ಬೇರೆ ಡಿಸಿ ಸಪ್ಲೈಯಿಂದ ಹತ್ತಾರು ಕಿಲೋ ಓಮಿನ ರೆಸಿಸ್ಟರ್ ಮೂಲಕ ಹಂತ ಹಂತವಾಗಿ ರೇಟಿಂಗಿನವರೆಗೆ ಏರಿಸಿ. ಲೀಕೇಜ್ ಕರೆಂಟ್ ಒಂದು ಮಿಲಿಆಂಪಿಗಿಂತ ಕೆಳಗೆ ಇಳಿಯದೆ ಹಟ ಹಿಡಿದರೆ ಅದರ ಆಸೆ ಬಿಡಿ. ಇನ್ನೊಂದು ವಿಷಯ, ವೇರಿಯಾಕ್ ಅಂದರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಲ್ಲ. ಅದರ ಔಟ್‌ಪುಟ್ ಮೇನ್ಸಿಗೆ ನೇರವಾಗಿ ಜೋಡಿಯಾಗೇ ಇರುತ್ತದೆ.

ಸೆಲೆನಿಯಂ ರೆಕ್ಟಿಫೈಯರ್ ಇದ್ದರೆ, ಅಂದರೆ ಸಾಲಾಗಿ ಜೋಡಿಸಿದ ಚೌಕದ ಲೋಹದ ತಗಡುಗಳು ಕಂಡರೆ, ಅದನ್ನು ಸಿಲಿಕಾನ್ ಡಯೋಡಿಗೆ ಬದಲಿಸಿ. ಸೆಲೆನಿಯಂ ಸುಟ್ಟರೆ ಬರುವ ಹೊಗೆ ವಿಷ. ಸಿಲಿಕಾನಿನಲ್ಲಿ ವೋಲ್ಟೇಜ್ ನಷ್ಟ ಕಡಿಮೆ, ಹಾಗಾಗಿ ಮುಂದೆ ಸಿಗುವ ವೋಲ್ಟೇಜ್ ಜಾಸ್ತಿಯಾಗುತ್ತದೆ. ಅದನ್ನು ಇಳಿಸಲು ಸೀರೀಸಿನಲ್ಲಿ ಸರಿಯಾದ ವಾಟಿನ ರೆಸಿಸ್ಟರ್ ಹಾಕುವುದನ್ನು ಮರೆಯಬೇಡಿ.

ಇಷ್ಟೆಲ್ಲ ಆದ ಮೇಲೆ ಮೊದಲ ಸಲ ಆನ್ ಮಾಡುವಾಗ ಲೈವ್ ತಂತಿಯ ಸೀರೀಸಿನಲ್ಲಿ 40 ಅಥವಾ 60 ವಾಟಿನ ಫಿಲಮೆಂಟ್ ಬಲ್ಬ್ ಇರಲಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಬಲ್ಬ್ ಒಮ್ಮೆ ಜೋರಾಗಿ ಹೊತ್ತಿ ಮಂಕಾದರೆ ಒಳ್ಳೆಯದು. ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ ಹುಡುಕಿ.

ಪ್ರಶ್ನೆ: ನನ್ನ ಟೆಕ್ಟ್ರಾನಿಕ್ಸ್ 465 ಸ್ಕೋಪಿನಲ್ಲಿ (ಆಸಿಲೋಸ್ಕೋಪ್) ಟ್ರೇಸ್, ಅಂದರೆ ಪರದೆಯ ಮೇಲಿನ ಬೆಳಕಿನ ಗೆರೆ, ನೆಟ್ಟಗೆ ನಿಲ್ಲುತ್ತಿರಲಿಲ್ಲ, ಅಲೆಅಲೆಯಾಗಿ ಕುಣಿಯುತ್ತಿತ್ತು. ಒಳಗಿನ ನಾಲ್ಕೈದು ಪ್ರೀಸೆಟ್ ತಿರುಗಿಸಿ ನೋಡಿದೆ. ಈಗ ಟ್ರೇಸೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಸ್ಕ್ರೂಡ್ರೈವರ್ ಪಕ್ಕಕ್ಕಿಡಿ. ತಿರುಗಿಸಿದ್ದು ಯಾವ ಯಾವ ಪ್ರೀಸೆಟ್ ಅಂತ ನೆನಪಿರುವಾಗಲೇ ಒಂದು ಚೀಟಿಯಲ್ಲಿ ಬರೆದಿಡಿ. ಎಷ್ಟೋ ಸಲ ಹಳೆಯ ಪ್ರೀಸೆಟ್ ಮೇಲೆ ವೈಪರ್ (ಜಾರುವ ಕಾಂಟ್ಯಾಕ್ಟ್) ಇದ್ದ ಜಾಗದಲ್ಲಿ ಒಂದು ಗುರುತು ಉಳಿದಿರುತ್ತದೆ, ಭೂತಗನ್ನಡಿ ಹಿಡಿದು ನೋಡಿ ಅಲ್ಲಿಗೇ ವಾಪಸ್ ತನ್ನಿ.

ಆಮೇಲೆ ಪವರ್ ಸಪ್ಲೈ. ಈ ಸ್ಕೋಪಿನಲ್ಲಿ +110, +55, +15, +5, -8 ವೋಲ್ಟ್ ಅಂತ ಐದು ರೈಲ್, ಅಂದರೆ ಸಪ್ಲೈ ಲೈನ್, ಇವೆ, ಬೋರ್ಡಿನ ಮೇಲೆ ಟೆಸ್ಟ್ ಪಾಯಿಂಟ್‌ಗಳೂ ಇವೆ. ಮೀಟರಿನಲ್ಲಿ ಡಿಸಿ ಅಳೆದು ಅಲ್ಲಿಗೇ ಬಿಡಬೇಡಿ, ಬೇರೆ ಸ್ಕೋಪ್ ಎರವಲು ಸಿಕ್ಕರೆ ರಿಪಲ್ (ಡಿಸಿ ಮೇಲೆ ಉಳಿದ ಏರಿಳಿತ) ಕೂಡ ನೋಡಿ, ಸಿಗದಿದ್ದರೆ ಮೀಟರನ್ನು ಎಸಿ ರೇಂಜಿಗೆ ಹಾಕಿಯಾದರೂ ನೋಡಿ. ಮೇನ್ಸ್ 50 ಹರ್ಟ್ಸ್ ಇರುವಲ್ಲಿ ರಿಪಲ್ 100 ಹರ್ಟ್ಸ್ ಇದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. 50 ಹರ್ಟ್ಸೇ ಕಾಣಿಸಿದರೆ ಬ್ರಿಡ್ಜಿನ ಒಂದು ಡಯೋಡ್ ಓಪನ್ ಆಗಿರುವ ಸಾಧ್ಯತೆ ಜಾಸ್ತಿ. ನಿಮ್ಮ ಟ್ರೇಸ್ ಕುಣಿಯುತ್ತಿದ್ದ ರೀತಿ ನೋಡಿದರೆ ಮೂಲ ರೋಗ ಇಲ್ಲೇ ಇತ್ತು ಅಂತ ನನಗೆ ಅನಿಸುತ್ತದೆ. ಪ್ರೀಸೆಟ್‌ಗಳ ಪಾತ್ರ ಅದರಲ್ಲಿ ಇರಲೇ ಇಲ್ಲ.

ಒಂದು ರೈಲ್ ಸೊನ್ನೆಗೆ ಬಂದು ಕೂತಿದೆಯಾ? ಆಗ ಟ್ಯಾಂಟಲಂ ಕೆಪಾಸಿಟರ್ ಮೇಲೆ ಅನುಮಾನ ಪಡಿ. ನೀರಿನ ಹನಿಯ ಆಕಾರದ ಈ ಪುಟ್ಟ ಕೆಪಾಸಿಟರ್‌ಗಳು 1970ರ ದಶಕದ ಉಪಕರಣಗಳಲ್ಲಿ ತುಂಬಿಕೊಂಡಿರುತ್ತವೆ, ಕೆಟ್ಟರೆ ಶಾರ್ಟ್ ಆಗುತ್ತವೆ, ಹೊರಗಿನಿಂದ ಮಾತ್ರ ಏನೂ ಗೊತ್ತಾಗುವುದಿಲ್ಲ. ಒಂದೇ ರೈಲಿನ ಮೇಲೆ ಹತ್ತಾರು ಇರುವಾಗ ಒಂದೊಂದನ್ನೂ ಕಿತ್ತು ನೋಡಿದರೆ ಬೋರ್ಡಿನ ಟ್ರ್ಯಾಕ್ ಏಳುತ್ತದೆ. ಅದಕ್ಕೆ ಸುಲಭದ ದಾರಿ ಇದೆ. ಸ್ಕೋಪ್ ಆಫ್ ಮಾಡಿ ಪ್ಲಗ್ ಕಿತ್ತು, ಹೊರಗಿನ ಬೆಂಚ್ ಸಪ್ಲೈಯಿಂದ ಆ ರೈಲಿಗೆ ಸರಿಯಾದ ಪೊಲಾರಿಟಿಯಲ್ಲಿ ಅರ್ಧ ಆಂಪಿಗೆ ಮಿತಿ ಹಾಕಿ ಕರೆಂಟ್ ಬಿಡಿ, ವೋಲ್ಟೇಜ್ ಒಂದು ವೋಲ್ಟ್ ದಾಟದಂತೆ ನೋಡಿಕೊಳ್ಳಿ. ಈಗ ಮೀಟರನ್ನು ಮಿಲಿವೋಲ್ಟ್ ರೇಂಜಿಗಿಟ್ಟು ಟ್ರ್ಯಾಕ್ ಉದ್ದಕ್ಕೂ ಗ್ರೌಂಡಿಗೆ ಅಳೆಯುತ್ತಾ ಹೋಗಿ. ಶಾರ್ಟ್ ಹತ್ತಿರ ಬಂದಂತೆ ವೋಲ್ಟೇಜ್ ಇಳಿಯುತ್ತದೆ, ದಾಟಿ ಮುಂದೆ ಹೋದರೆ ಇಳಿಯುವುದು ನಿಲ್ಲುತ್ತದೆ. ಅತಿ ಕಡಿಮೆ ಸಿಕ್ಕ ಜಾಗದಲ್ಲೇ ನಿಮ್ಮ ಕಳ್ಳ ಕೂತಿರುತ್ತಾನೆ. ಹೊಸದನ್ನು ಹಾಕುವಾಗ ಹಳೆಯದಕ್ಕಿಂತ ಜಾಸ್ತಿ ವೋಲ್ಟೇಜಿನದು ಹಾಕಿ, 15 ವೋಲ್ಟಿನ ರೈಲಿಗೆ 35 ವೋಲ್ಟಿನದು ಇರಲಿ.

ಐದೂ ರೈಲ್ ಸರಿಯಾಗಿ ನಿಂತ ಮೇಲೂ ಟ್ರೇಸ್ ಬರದಿದ್ದರೆ ಆಗ ಪಿಕ್ಚರ್ ಟ್ಯೂಬಿನ ಕಡೆಗೆ ಹೋಗಿ. ಅಲ್ಲಿ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಡಿಸ್ಚಾರ್ಜ್ ಮಾಡದೆ ಮುಟ್ಟಬೇಡಿ, ಸಾಮಾನ್ಯ ಮೀಟರಿನ ಪ್ರೋಬ್ ಅಲ್ಲಿ ಹಿಡಿಯಬೇಡಿ, ಹೈ ವೋಲ್ಟೇಜ್ ಪ್ರೋಬೇ ಬೇಕು. ಒಬ್ಬರೇ ಇರುವಾಗ ಈ ಕೆಲಸಕ್ಕೆ ಇಳಿಯಬೇಡಿ.

ವಾಲ್ವ್ ಕಾಲದ ಟೆಕ್ಟ್ರಾನಿಕ್ಸ್ ಸ್ಕೋಪ್ ಇಟ್ಟುಕೊಂಡವರಿಗೆ ಇಲ್ಲೇ ಒಂದು ಮಾತು. ಅವುಗಳಲ್ಲಿ ಪಾರ್ಟ್‌ಗಳನ್ನು ಬಿಳಿ ಸೆರಾಮಿಕ್ ಪಟ್ಟಿಯ ಸೀಳುಗಳಲ್ಲಿ ಕೂರಿಸಿ ಬೆಸೆದಿರುತ್ತಾರೆ. ಆ ಸೀಳಿನ ಒಳಗೆ ಬೆಳ್ಳಿಯ ಲೇಪ ಇದೆ. ಸಾಮಾನ್ಯ ಸಾಲ್ಡರ್ ಪದೇ ಪದೇ ಬಳಸಿದರೆ ಬೆಳ್ಳಿ ಅದರಲ್ಲಿ ಕರಗಿ ಲೇಪ ಎದ್ದು ಬರುತ್ತದೆ. ಸುಮಾರು 3 ಪ್ರತಿಶತ ಬೆಳ್ಳಿ ಇರುವ ಸಾಲ್ಡರ್ ಬೇಕು. ಕಂಪನಿಯವರು ಇದೇ ಕಾರಣಕ್ಕೆ ಸ್ಕೋಪಿನ ಒಳಗೇ ಒಂದು ಪುಟ್ಟ ಸುರುಳಿ ಇಟ್ಟು ಕೊಡುತ್ತಿದ್ದರು, ನಿಮ್ಮದರಲ್ಲಿ ಇನ್ನೂ ಉಳಿದಿದ್ದರೂ ಉಳಿದಿರಬಹುದು.

ಪ್ರಶ್ನೆ: ಜನರೇಟರನ್ನು ಟ್ರಾನ್ಸೀವರಿಗೆ ಜೋಡಿಸಿ ರಿಸೀವರ್ ನೋಡುತ್ತಿದ್ದಾಗ ಗೊತ್ತಿಲ್ಲದೆ ಪಿಟಿಟಿ (ಮೈಕಿನ ಟ್ರಾನ್ಸ್‌ಮಿಟ್ ಬಟನ್) ಒತ್ತಿಬಿಟ್ಟೆ. ಅಂದಿನಿಂದ ಔಟ್‌ಪುಟ್ ತುಂಬಾ ಕಡಿಮೆ. ಜನರೇಟರ್ ಹೋಯಿತಾ?

ಉತ್ತರ: ಪೂರ್ತಿ ಹೋಗಿರಲಿಕ್ಕಿಲ್ಲ. ಲೆಕ್ಕ ನೋಡಿ. ಟ್ರಾನ್ಸೀವರ್ 100 ವಾಟಿನದು ಅಂತ ಇಟ್ಟುಕೊಳ್ಳಿ, ಅಂದರೆ 50 ಓಮಿನಲ್ಲಿ ಸುಮಾರು 71 ವೋಲ್ಟ್, 1.4 ಆಂಪ್. ಔಟ್‌ಪುಟ್ ಸಾಕೆಟ್ ಹಿಂದೆ ಇರುವ ಅಟೆನ್ಯುಯೇಟರಿನ (ಸಿಗ್ನಲ್ಲನ್ನು ಹಂತ ಹಂತವಾಗಿ ಇಳಿಸುವ ಭಾಗ) ರೆಸಿಸ್ಟರ್‌ಗಳು ಒಂದು ವಾಟ್ ಕೂಡ ತಡೆಯುವಂಥವಲ್ಲ. ಸಾಮಾನ್ಯವಾಗಿ ಸಾಕೆಟ್ಟಿಗೆ ಹತ್ತಿರದ ಹಂತ ತಾನು ಸುಟ್ಟು ಹಿಂದಿನದನ್ನು ಉಳಿಸಿರುತ್ತದೆ.

ಜನರೇಟರ್ ಆಫ್ ಮಾಡಿ. ಅಟೆನ್ಯುಯೇಟರನ್ನು ಅತಿ ಹೆಚ್ಚು ಡಿಬಿಗೆ, ಅಂದರೆ ಸಿಗ್ನಲ್ ಅತಿ ಹೆಚ್ಚು ಇಳಿಯುವ ಕಡೆಗೆ, ಇಟ್ಟು ಔಟ್‌ಪುಟ್ ಸಾಕೆಟ್ಟಿನಲ್ಲಿ ಓಮ್ಸ್ ಅಳೆಯಿರಿ, ಸುಮಾರು 50 ಬರಬೇಕು. ನೂರಾರು ಓಮ್ ಅಥವಾ ಓಪನ್ ಬಂದರೆ ರೋಗ ಸಿಕ್ಕಿತು. ಬಿಚ್ಚಿದಾಗ ಪೈ ಆಕಾರದಲ್ಲಿ ಮೂರು ಮೂರು ರೆಸಿಸ್ಟರ್ ಕಾಣಿಸುತ್ತವೆ. 50 ಓಮಿನ 10 ಡಿಬಿ ಹಂತಕ್ಕೆ ಎರಡು ಬದಿಯವು 96.2 ಓಮ್, ನಡುವಿನದು 71.2. 20 ಡಿಬಿಗೆ ಬದಿಯವು 61.1, ನಡುವಿನದು 247.5. ಈ ಅಂಕೆಗಳನ್ನು ಬೆಂಚಿನ ಮುಂದೆ ಅಂಟಿಸಿಕೊಳ್ಳಿ, ತುಂಬಾ ಕೆಲಸಕ್ಕೆ ಬರುತ್ತವೆ. ಆದರೆ ಸರ್ಕೀಟಿನಲ್ಲಿದ್ದ ಹಾಗೇ ಅಳೆದರೆ ಉಳಿದ ಎರಡೂ ಸೇರಿಕೊಂಡು ಬೇರೆಯೇ ಅಂಕೆ ಬರುತ್ತದೆ, ಒಂದು ತುದಿ ಬಿಡಿಸಿಕೊಂಡೇ ಅಳೆಯಿರಿ. ಬದಲಿಗೆ ಹಾಕುವುದು ಸಣ್ಣ ಫಿಲ್ಮ್ ರೆಸಿಸ್ಟರ್ ಆಗಿರಲಿ, ಕಾಲುಗಳು ಆದಷ್ಟು ಗಿಡ್ಡ ಇರಲಿ. ವೈರ್‌ವೌಂಡ್ ಬೇಡವೇ ಬೇಡ, ಅದು ಕಾಯಿಲ್ ಆಗಿಬಿಡುತ್ತದೆ. ಶೀಲ್ಡ್ ಮುಚ್ಚಳದ ಎಲ್ಲ ಸ್ಕ್ರೂಗಳನ್ನೂ ವಾಪಸ್ ಹಾಕಿ, ಎರಡು ಬಿಟ್ಟರೂ ಸಿಗ್ನಲ್ ಸೋರಿಹೋಗಿ ಕಡಿಮೆ ಲೆವೆಲ್ಲಿನ ಅಳತೆ ಸುಳ್ಳಾಗುತ್ತದೆ.

ಮುಂದಕ್ಕೆ ಹೀಗೆ ಮಾಡಿ. ನಡುವೆ ಯಾವಾಗಲೂ 30 ಡಿಬಿಯ ಪವರ್ ಅಟೆನ್ಯುಯೇಟರ್ ಇರಲಿ, ಟ್ರಾನ್ಸ್‌ಮಿಟರಿನ ಪೂರ್ತಿ ಪವರ್ ತಡೆಯುವಂಥದ್ದು. ಆಗ ತಪ್ಪಿ 100 ವಾಟ್ ಹೋದರೂ ಜನರೇಟರಿಗೆ ಬರುವುದು 100 ಮಿಲಿವಾಟ್ ಅಷ್ಟೇ. ಜನರೇಟರಿನಲ್ಲಿ -77 ಡಿಬಿಎಂ (ಒಂದು ಮಿಲಿವಾಟಿಗೆ ಹೋಲಿಸಿದ ಡಿಬಿ) ಇಟ್ಟರೆ ರಿಸೀವರಿಗೆ -107 ಹೋಗುತ್ತದೆ, ಅಂದರೆ 50 ಓಮಿನಲ್ಲಿ ಒಂದು ಮೈಕ್ರೋವೋಲ್ಟ್. ಜೊತೆಗೆ ಮೈಕ್ ಕಿತ್ತಿಡಿ.

ನಿಮ್ಮದು ಎಚ್‌ಪಿ 8640ಬಿ ಆಗಿದ್ದು, ರೇಂಜ್ ನಾಬ್ ತಿರುಗಿಸಿದರೂ ಬ್ಯಾಂಡ್ ಬದಲಾಗದೆ ಇದ್ದರೆ ಅದು ಬೇರೆ ಕಥೆ. ಅದರ ಪ್ಲಾಸ್ಟಿಕ್ ಗೇರುಗಳು ವಯಸ್ಸಾಗಿ ಸೀಳುತ್ತವೆ. ಅಂಟು ಹಾಕಿದರೆ ನಿಲ್ಲುವುದಿಲ್ಲ, ಗೇರ್ ಬದಲಿಸಬೇಕು.

ಪ್ರಶ್ನೆ: ಎರಡು ಜನರೇಟರ್ ಇವೆ, ಒಂದು ಬ್ರಿಟಿಷ್, ಒಂದು ಅಮೆರಿಕನ್. ಒಂದೇ ಮೈಕ್ರೋವೋಲ್ಟ್ ಇಟ್ಟರೂ ರಿಸೀವರಿನಲ್ಲಿ ಒಂದಕ್ಕೆ ಸರಿಯಾಗಿ 6 ಡಿಬಿ ಕಡಿಮೆ ಬರುತ್ತದೆ. ಯಾವುದು ಕೆಟ್ಟಿದೆ?

ಉತ್ತರ: ಬಹುಶಃ ಯಾವುದೂ ಕೆಟ್ಟಿಲ್ಲ. ಬ್ರಿಟಿಷ್ ತಯಾರಿಕೆಯ ಹಲವು ಜನರೇಟರ್‌ಗಳು ಲೋಡ್ ಇಲ್ಲದಾಗಿನ ವೋಲ್ಟೇಜ್, ಅಂದರೆ ಇಎಂಎಫ್ ತೋರಿಸುತ್ತವೆ. ನಿಮ್ಮ ಅಮೆರಿಕನ್ ಜನರೇಟರ್ 50 ಓಮ್ ಲೋಡಿನ ಮೇಲೆ ಬೀಳುವ ವೋಲ್ಟೇಜ್ ತೋರಿಸುತ್ತದೆ. 2 ಮೈಕ್ರೋವೋಲ್ಟ್ ಇಎಂಎಫ್ ಅಂದರೆ ಲೋಡಿನ ಮೇಲೆ 1 ಮೈಕ್ರೋವೋಲ್ಟ್. ಪ್ಯಾನೆಲ್ ಮೇಲೆ ಇಎಂಎಫ್ ಅಂತ ಸಣ್ಣಕ್ಷರದಲ್ಲಿ ಬರೆದಿದೆಯಾ ನೋಡಿ.

ಪ್ರಶ್ನೆ: ಬರ್ಡ್ 43 ವಾಟ್‌ಮೀಟರಿನಲ್ಲಿ 100 ವಾಟಿನ ಎಲಿಮೆಂಟ್ (ಪವರ್ ಮತ್ತು ಬ್ಯಾಂಡಿಗೆ ತಕ್ಕಂತೆ ಬದಲಿಸಿ ಹಾಕುವ ಭಾಗ) ಹಾಕಿ ಹ್ಯಾಂಡಿ ಸೆಟ್ ಅಳೆದರೆ 5 ವಾಟ್ ಸೆಟ್ಟಿಗೆ ಒಮ್ಮೆ 3, ಇನ್ನೊಮ್ಮೆ 8 ತೋರಿಸುತ್ತದೆ. ರಿಪೇರಿ ಬೇಕಾ?

ಉತ್ತರ: ಮೊದಲು ಎಲಿಮೆಂಟ್ ಬದಲಿಸಿ. ಈ ಮೀಟರಿನ ನಿಖರತೆ ಪೂರ್ಣ ಸ್ಕೇಲಿನ 5 ಪ್ರತಿಶತ, ಓದಿದ ಅಂಕೆಯ 5 ಪ್ರತಿಶತ ಅಲ್ಲ. 100 ವಾಟಿನ ಎಲಿಮೆಂಟಿನಲ್ಲಿ ಎಲ್ಲಿ ಓದಿದರೂ 5 ವಾಟ್ ಆಚೆ ಈಚೆ ಇರಬಹುದು. 5 ವಾಟ್ ಅಳೆಯಲು 5 ಅಥವಾ 10 ವಾಟಿನ ಎಲಿಮೆಂಟ್, ಅದೂ ಆ ಬ್ಯಾಂಡಿನದು, ಬೇಕು. ಆದರೆ ಒಂದೇ ಸೆಟ್ಟಿಗೆ ಒಮ್ಮೊಮ್ಮೆ ಒಂದೊಂದು ಓದು ಬರುವುದು ಬೇರೆ ವಿಷಯ, ಅದು ಕಾಂಟ್ಯಾಕ್ಟ್ ಕೊಳೆ. ಎಲಿಮೆಂಟ್ ತೆಗೆದು, ಅದು ಕೂರುವ ಗುಂಡಿಯ ಒಳಗೆ ಪಕ್ಕದಲ್ಲಿರುವ ಸ್ಪ್ರಿಂಗ್ ಕಾಂಟ್ಯಾಕ್ಟನ್ನೂ ಎಲಿಮೆಂಟಿನ ತಳವನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಯಲ್ಲಿ ಒರೆಸಿ. ಸ್ಪ್ರಿಂಗನ್ನು ಬಗ್ಗಿಸಬೇಡಿ.

ಪ್ರಶ್ನೆ: ಹಳೆಯ ವಾಲ್ವ್ ಆಡಿಯೊ ಆಸಿಲೇಟರ್ ಇದೆ. ಫ್ರೀಕ್ವೆನ್ಸಿ ಬದಲಿಸಿದಾಗೆಲ್ಲ ಔಟ್‌ಪುಟ್ ಮೇಲೆ ಕೆಳಗೆ ತೂಗಾಡಿ ಆಮೇಲೆ ನಿಲ್ಲುತ್ತದೆ. ಒಳಗೆ ಸಣ್ಣ ಬಲ್ಬ್ ಇದೆ, ಅದು ಉರಿಯುತ್ತಿಲ್ಲ. ಬಲ್ಬ್ ಬದಲಿಸಲೇ?

ಉತ್ತರ: ದಯವಿಟ್ಟು ಬದಲಿಸಬೇಡಿ! ಅದು ಬೆಳಕಿಗಾಗಿ ಇಟ್ಟಿದ್ದಲ್ಲ. ವೀನ್ ಬ್ರಿಡ್ಜ್ ಆಸಿಲೇಟರಿನಲ್ಲಿ ಆ ಬಲ್ಬೇ ಔಟ್‌ಪುಟ್ಟನ್ನು ಹತೋಟಿಯಲ್ಲಿ ಇಡುವುದು. ಔಟ್‌ಪುಟ್ ಜಾಸ್ತಿಯಾದರೆ ಫಿಲಮೆಂಟ್ ಸ್ವಲ್ಪ ಬಿಸಿಯಾಗಿ ಅದರ ರೆಸಿಸ್ಟೆನ್ಸ್ ಏರುತ್ತದೆ, ನೆಗೆಟಿವ್ ಫೀಡ್‌ಬ್ಯಾಕ್ ಜಾಸ್ತಿಯಾಗಿ ಔಟ್‌ಪುಟ್ ಇಳಿಯುತ್ತದೆ. ವಿಲಿಯಂ ಹ್ಯೂಲೆಟ್ ಸ್ಟ್ಯಾನ್‌ಫರ್ಡಿನಲ್ಲಿ ಓದುವಾಗ ಮಾಡಿದ ಕೆಲಸ ಇದು, 1939ರಲ್ಲಿ ಎಚ್‌ಪಿ ಕಂಪನಿಯ ಮೊದಲ ಉತ್ಪನ್ನವಾದ 200ಎ ಹುಟ್ಟಿದ್ದು ಇದರಿಂದಲೇ. ಒಂದು ಬಲ್ಬಿನಿಂದ ಅಷ್ಟು ಶುದ್ಧವಾದ ಸೈನ್ ಅಲೆ ಬರುವುದನ್ನು ಸ್ಕೋಪಿನಲ್ಲಿ ನೋಡಿದಾಗೆಲ್ಲ ನನಗೆ ಈಗಲೂ ಖುಷಿಯಾಗುತ್ತದೆ.

ಫಿಲಮೆಂಟ್ ಬಿಸಿಯಾಗಿ ತಣ್ಣಗಾಗಲು ಸಮಯ ಬೇಕು, ಹಾಗಾಗಿ ಸ್ವಲ್ಪ ತೂಗಾಡಿ ನಿಲ್ಲುವುದು ಸಹಜ, ಅದರಲ್ಲೂ ಕಡಿಮೆ ಫ್ರೀಕ್ವೆನ್ಸಿಯಲ್ಲಿ. ನಿಲ್ಲದೇ ತೂಗಾಡುತ್ತಲೇ ಇದ್ದರೆ ಆಗ ಟ್ಯೂನಿಂಗ್ ಕೆಪಾಸಿಟರ್ ನೋಡಿ. ಅದರ ಚೌಕಟ್ಟು ಚಾಸಿಗೆ ತಾಗದ ಹಾಗೆ ಸೆರಾಮಿಕ್ ಕಾಲುಗಳ ಮೇಲೆ ನಿಂತಿರುತ್ತದೆ. ಕೆಳಗಿನ ರೇಂಜಿನಲ್ಲಿ ಬ್ರಿಡ್ಜಿನ ರೆಸಿಸ್ಟರ್‌ಗಳು ಮೆಗಾ ಓಮ್ ಲೆಕ್ಕದಲ್ಲಿರುವುದರಿಂದ ಆ ಕಾಲುಗಳ ಮೇಲಿನ ಧೂಳು, ತೇವ ಕೂಡ ಒಂದು ರೆಸಿಸ್ಟರ್ ಇದ್ದ ಹಾಗೆ ಕೆಲಸ ಮಾಡುತ್ತದೆ. ಆಲ್ಕೊಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಕಪ್ಲಿಂಗ್ ಕೆಪಾಸಿಟರ್‌ಗಳನ್ನೂ ನೋಡಿ.

ಪ್ರಶ್ನೆ: ಜರ್ಮೇನಿಯಂ ಟ್ರಾನ್ಸಿಸ್ಟರ್ ಕಾಲದ ಪೋರ್ಟಬಲ್ ಜನರೇಟರಿನಲ್ಲಿ ಎಎಫ್117 ಇವೆ. ತಟ್ಟಿದರೆ ಕೆಲಸ ಮಾಡುತ್ತದೆ, ಆಮೇಲೆ ನಿಂತುಹೋಗುತ್ತದೆ. ಡ್ರೈ ಸಾಲ್ಡರ್ ಎಲ್ಲೂ ಕಾಣಿಸುತ್ತಿಲ್ಲ.

ಉತ್ತರ: ಟ್ರಾನ್ಸಿಸ್ಟರಿನ ಒಳಗೇ ಶಾರ್ಟ್ ಆಗುತ್ತಿದೆ. ಎಎಫ್114ರಿಂದ 117ರವರೆಗಿನವಕ್ಕೆ ಇದು ಹುಟ್ಟುಗುಣ. ಲೋಹದ ಡಬ್ಬಿಯ ಒಳಗೋಡೆಯಿಂದ ಕೂದಲಿಗಿಂತ ತೆಳುವಾದ ತವರದ ಎಳೆಗಳು ಬೆಳೆದು ಒಳಗಿನ ತಂತಿಗಳಿಗೆ ತಾಗುತ್ತವೆ. ನಾಲ್ಕು ಕಾಲುಗಳಲ್ಲಿ ಒಂದು ಡಬ್ಬಿಗೆ ಜೋಡಿಸಿದ ಶೀಲ್ಡ್. ಟ್ರಾನ್ಸಿಸ್ಟರ್ ಹೊರತೆಗೆದು ಆ ಕಾಲಿಗೂ ಉಳಿದ ಮೂರಕ್ಕೂ ಓಮ್ಸ್ ಅಳೆದರೆ ಪೂರ್ತಿ ಓಪನ್ ಇರಬೇಕು. ಏನಾದರೂ ಓದು ಬಂದರೆ ಎಳೆ ತಾಗಿದೆ. ಶೀಲ್ಡ್ ಕಾಲನ್ನು ಕತ್ತರಿಸಿದರೆ ಬಹಳಷ್ಟು ಸಲ ಸೆಟ್ ಮತ್ತೆ ಓಡುತ್ತದೆ. ಒಂದೇ ಒಂದು ಎಳೆ ತಾಗಿದ್ದರೆ ಅದು ಡಬ್ಬಿಗಷ್ಟೇ ಜೋಡಿಯಾಗಿ ಸುಮ್ನೆ ಇರುತ್ತದೆ. ಎರಡು ಕಡೆ ತಾಗಿದ್ದರೆ ಮಾತ್ರ ಟ್ರಾನ್ಸಿಸ್ಟರ್ ಬದಲಿಸಬೇಕು. ಕರೆಂಟ್ ಹಾಯಿಸಿ ಎಳೆ ಸುಡುವವರೂ ಇದ್ದಾರೆ, ಅದು ಮತ್ತೆ ಬೆಳೆಯುತ್ತದೆ.

ಮುಳ್ಳಿನ ಮೀಟರಿನಲ್ಲಿ ಟ್ರಾನ್ಸಿಸ್ಟರ್ ನೋಡುವವರು ನೆನಪಿಡಿ, ಹೆಚ್ಚಿನ ಹಳೆಯ ಮೀಟರ್‌ಗಳಲ್ಲಿ ಓಮ್ಸ್ ರೇಂಜಿಗೆ ಹಾಕಿದರೆ ಕೆಂಪು ತಂತಿಯಲ್ಲಿ ನೆಗೆಟಿವ್ ಬರುತ್ತದೆ.

ಪ್ರಶ್ನೆ: ರೋಟರಿ ಸ್ವಿಚ್‌ಗಳು ಗರಗರ ಅನ್ನುತ್ತವೆ. ಮನೆಯಲ್ಲಿರುವ ಡಬ್ಲ್ಯೂಡಿ-40 ಹೊಡೆಯಬಹುದಾ?

ಉತ್ತರ: ಬೇಡ. ಎಣ್ಣೆಯ ಪದರ ಉಳಿದು ಧೂಳು ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರನ್ನೂ ನೇರವಾಗಿ ಸಿಂಪಡಿಸಬೇಡಿ, ಒಂದು ಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಕಾಂಟ್ಯಾಕ್ಟಿಗೆ ಮಾತ್ರ ಮುಟ್ಟಿಸಿ ಹತ್ತಿಪ್ಪತ್ತು ಸಲ ತಿರುಗಿಸಿ. ಮರಳು ಕಾಗದ ತಾಗಿಸಲೇಬಾರದು, ಬೆಳ್ಳಿ ಲೇಪ ಹೋಗುತ್ತದೆ.

ಪ್ರಶ್ನೆ: 1980ರ ದಶಕದ ಸರ್ವಿಸ್ ಮಾನಿಟರ್ (ರೇಡಿಯೊ ಸೆಟ್ ಪರೀಕ್ಷಿಸುವ ಉಪಕರಣ) ಆನ್ ಮಾಡಿ ಸ್ವಲ್ಪ ಹೊತ್ತಿಗೆ ಹಿಂದುಗಡೆಯಿಂದ ಪಟ್ ಅಂತ ಶಬ್ದ, ದಟ್ಟ ಹೊಗೆ, ಕೆಟ್ಟ ವಾಸನೆ. ಆದರೆ ಸೆಟ್ ಓಡುತ್ತಲೇ ಇದೆ! ಹಾಗೇ ಬಿಡಬಹುದಾ?

ಉತ್ತರ: ಬಿಡಬೇಡಿ. ಮೇನ್ಸ್ ಬರುವ ಜಾಗದಲ್ಲಿ ಹಳದಿ ಬಣ್ಣದ, ಪಾರದರ್ಶಕ ಹೊದಿಕೆಯ ರಿಫಾ ಕೆಪಾಸಿಟರ್ ಹುಡುಕಿ. ಹೊದಿಕೆಯಲ್ಲಿ ಸೂಕ್ಷ್ಮ ಬಿರುಕು ಬಿಟ್ಟು, ತೇವ ಒಳಗೆ ಸೇರಿ ಹೀಗೆ ಆಗುತ್ತದೆ. ಇಂಟರ್‌ಫಿಯರೆನ್ಸ್ ತಡೆಯಲು ಮಾತ್ರ ಇಟ್ಟಿದ್ದು, ಹಾಗಾಗಿ ಅದು ಸತ್ತರೂ ಸೆಟ್ ನಡೆಯುತ್ತದೆ. ಸುಟ್ಟದ್ದನ್ನೂ ಅದರ ಜೊತೆಯವನ್ನೂ ಬದಲಿಸಿ, ಮೇನ್ಸ್ ಎರಡು ತಂತಿಗಳ ನಡುವೆ ಎಕ್ಸ್2, ಮೇನ್ಸ್‌ನಿಂದ ಅರ್ಥಿಗೆ ವೈ2.

ಮುಚ್ಚಳ ತೆಗೆದಾಗ ಮೆಮೊರಿಯ ಬ್ಯಾಟರಿಯನ್ನೂ ನೋಡಿ. ನಿಕಲ್ ಕ್ಯಾಡ್ಮಿಯಂ ಆಗಿದ್ದು ಸೋರುತ್ತಿದ್ದರೆ ಅದರ ದ್ರವ ಟ್ರ್ಯಾಕ್‌ಗಳನ್ನು ತಿಂದುಹಾಕುತ್ತದೆ. ಆದರೆ ಅವಸರದಲ್ಲಿ ಕಿತ್ತುಬಿಟ್ಟರೆ ಕ್ಯಾಲಿಬ್ರೇಷನ್ ಅಂಕೆಗಳು ಅಳಿಸಿಹೋಗುವ ಸೆಟ್‌ಗಳಿವೆ. ಸರ್ವಿಸ್ ಮ್ಯಾನ್ಯುಯಲ್ ಓದಿ, ಅಂಕೆಗಳನ್ನು ಪರದೆಯ ಮೇಲೆ ತರಿಸಲು ಆಗುವುದಾದರೆ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಕೈ ಹಾಕಿ.

ಪ್ರಶ್ನೆ: ರಿಪೇರಿ ಮುಗಿಯಿತು. ಆದರೆ ಸರಿಯಾಗಿದೆ ಅಂತ ಹೋಲಿಸಿ ನೋಡಲು ನನ್ನ ಹತ್ತಿರ ಬೇರೆ ಉಪಕರಣವೇ ಇಲ್ಲ. ಏನು ಮಾಡಲಿ?

ಉತ್ತರ: ಫ್ರೀಕ್ವೆನ್ಸಿಗೆ ಆಕಾಶದಲ್ಲೇ ಅಳತೆಗೋಲಿದೆ. ಡಬ್ಲ್ಯೂಡಬ್ಲ್ಯೂವಿಯಂಥ ಸಮಯ ಪ್ರಸಾರ ಕೇಂದ್ರಗಳು 5, 10, 15 ಮೆಗಾಹರ್ಟ್ಸ್‌ನಲ್ಲಿ ಕರಾರುವಾಕ್ಕಾಗಿ ಪ್ರಸಾರ ಮಾಡುತ್ತವೆ. ಜನರೇಟರನ್ನು ಆನ್ ಮಾಡಿ ಕಡಿಮೆ ಎಂದರೂ ಒಂದು ಗಂಟೆ ಬಿಸಿಯಾಗಲು ಬಿಡಿ. ಆ ಪ್ರಸಾರ ಕೇಳುತ್ತಿರುವ ರಿಸೀವರಿನ ಹತ್ತಿರ ಜನರೇಟರಿನ ಸಣ್ಣ ಸಿಗ್ನಲ್ ಬಿಟ್ಟು, ಎರಡೂ ಸೇರಿ ಬರುವ ಸಿಳ್ಳೆ ಇಳಿಯುತ್ತಾ ಇಳಿಯುತ್ತಾ ನಿಲ್ಲುವ ಜಾಗ ಹುಡುಕಿ. ಡಯಲ್ ಆಗ ಎಷ್ಟು ತೋರಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ. ಸ್ವಲ್ಪ ತಪ್ಪಿದ್ದರೆ ತಿದ್ದುವುದಕ್ಕಿಂತ ಆ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದು ಸೆಟ್ಟಿಗೇ ಅಂಟಿಸುವುದು ನನಗೆ ಇಷ್ಟ.

ಲೆವೆಲ್ ನೋಡಲು ಒಳ್ಳೆಯ 50 ಓಮ್ ಟರ್ಮಿನೇಷನ್ ಮತ್ತು ಸ್ಕೋಪ್ ಸಾಕು. 0 ಡಿಬಿಎಂ ಅಂದರೆ 50 ಓಮಿನ ಮೇಲೆ 224 ಮಿಲಿವೋಲ್ಟ್ ಆರ್‌ಎಂಎಸ್, ಪರದೆಯ ಮೇಲೆ ತುದಿಯಿಂದ ತುದಿಗೆ 632 ಮಿಲಿವೋಲ್ಟ್. ಇದನ್ನು ಸ್ಕೋಪಿನ ಬ್ಯಾಂಡ್‌ವಿಡ್ತಿಗಿಂತ ತುಂಬಾ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ನೋಡಿ, 100 ಮೆಗಾಹರ್ಟ್ಸಿನ ಸ್ಕೋಪ್ ಇದ್ದರೆ 10ರಲ್ಲಿ. ಅಲ್ಲಿಂದ ಅಟೆನ್ಯುಯೇಟರಿನಲ್ಲಿ ಔಟ್‌ಪುಟ್ಟನ್ನು 10 ಡಿಬಿ ಇಳಿಸಿದಾಗ 200 ಮಿಲಿವೋಲ್ಟ್, 20 ಇಳಿಸಿದಾಗ 63 ಬರಬೇಕು. ಬರದಿದ್ದ ಹಂತದ ಮೂರು ರೆಸಿಸ್ಟರ್ ಬಿಚ್ಚಿ ಅಳೆಯಿರಿ.